‘100 ಎಂಬಿಪಿಎಸ್’ ಅಂತ ಹಾಕಿಸಿದ್ರೂ ಸಂಜೆ ನೆಟ್ ಯಾಕೆ ಓಡಲ್ಲ? ದುಡ್ಡು ಕಟ್ಟೋ ಮುಂಚೆ, ದೂರು ಕೊಡೋ ಮುಂಚೆ ತಿಳಿದಿರಬೇಕಾದ್ದು

ಶಿವಮೊಗ್ಗ: ಪೇಟೆ ಬೀದಿಯ ಯಾವ ಕಂಬ ನೋಡಿದರೂ ಒಂದು ಫ್ಲೆಕ್ಸ್ ನೇತಾಡ್ತಿರುತ್ತೆ. ‘100 ಎಂಬಿಪಿಎಸ್‌ವರೆಗೆ, ಅನ್‌ಲಿಮಿಟೆಡ್, ತಿಂಗಳಿಗೆ 499 ರೂ. ಮಾತ್ರ’. ಫೋನ್ ಮಾಡಿದರೆ ಅವತ್ತೇ ಹುಡುಗರು ಬಂದು ವೈರ್ ಎಳೆದು, ಡಬ್ಬಿ ಕೂರಿಸಿ, ಮೊಬೈಲ್‌ನಲ್ಲಿ ಟೆಸ್ಟ್ ಮಾಡಿ ‘ನೋಡಿ ಸಾರ್, ತೊಂಬತ್ತೆಂಟು ಬರ್ತಿದೆ’ ಅಂತ ತೋರಿಸಿ ಹೋಗ್ತಾರೆ. ತೋರಿಸಿದ್ದು ಸುಳ್ಳಲ್ಲ. ಆದರೆ ಅದು ಮಧ್ಯಾಹ್ನ ಹನ್ನೊಂದೂವರೆ ಗಂಟೆ, ರೂಟರ್ ಪಕ್ಕದಲ್ಲೇ ನಿಂತು ಮಾಡಿದ ಟೆಸ್ಟ್.

ಅದೇ ದಿನ ಸಂಜೆ ಏಳೂವರೆಗೆ ಝೆರಾಕ್ಸ್ ಅಂಗಡಿಯಲ್ಲಿ ಹತ್ತು ಜನ ನಿಂತಿರ್ತಾರೆ. ಅರ್ಜಿಗೆ ಲಗತ್ತಿಸಬೇಕಾದ ಪಿಡಿಎಫ್ ಅಪ್‌ಲೋಡ್ ಆಗದೆ ಚಕ್ರ ಸುತ್ತುತ್ತಿರುತ್ತೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ’. ಲೋಕಲ್ ಏಜೆಂಟರಿಗೆ ಮಾಡಿದರೆ ‘ಮೇನ್ ಲೈನಲ್ಲೇ ಪ್ರಾಬ್ಲಂ ಸಾರ್, ನಾಳೆ ಸರಿ ಹೋಗುತ್ತೆ’. ನಾಳೆಯೂ ಅದೇ ಉತ್ತರ. ಅಷ್ಟರಲ್ಲಿ ಆರು ತಿಂಗಳದ್ದೋ ವರ್ಷದ್ದೋ ದುಡ್ಡು ಮುಂಗಡವಾಗಿ ಕಟ್ಟಿ ಆಗಿರುತ್ತೆ. ಜಗಳ ಶುರುವಾಗುವುದು ಇಲ್ಲಿಂದ.

ಇದರಲ್ಲಿ ಕಂಪನಿಯ ತಪ್ಪೆಷ್ಟು, ಜಾಹೀರಾತಿನ ಕೈಚಳಕ ಎಷ್ಟು, ನಮ್ಮ ಗೋಡೆಯ ತಪ್ಪೆಷ್ಟು? ಬಿಡಿಸಿ ನೋಡೋಣ.

‘ವರೆಗೆ’ ಅನ್ನೋ ಒಂದು ಪದ

ಫ್ಲೆಕ್ಸ್‌ನಲ್ಲಿ 100 ಅನ್ನೋದು ದಪ್ಪಗೆ, ‘ವರೆಗೆ’ ಅನ್ನೋದು ಸಣ್ಣಗೆ. ಕಂಪನಿಯನ್ನು ಕಾಪಾಡುವುದು ಆ ಸಣ್ಣ ಪದವೇ. 100ರವರೆಗೆ ಅಂದರೆ 100 ದಾಟುವುದಿಲ್ಲ ಅಂತ ಅರ್ಥವೇ ಹೊರತು 100 ಸಿಗುತ್ತೆ ಅಂತಲ್ಲ. ಗರಿಷ್ಠ ಎಷ್ಟು ಅಂತ ಬೋರ್ಡ್ ಹೇಳುತ್ತೆ, ಕನಿಷ್ಠ ಎಷ್ಟು ಅಂತ ಹೇಳಲ್ಲ.

ಕಾನೂನಿನಲ್ಲಿ ಕನಿಷ್ಠ ಇಲ್ಲವೇ? ಇದೆ, ಆದರೆ ಅದನ್ನು ಕೇಳಿದರೆ ನಗು ಬರಬಹುದು. ಕೇಂದ್ರ ದೂರಸಂಪರ್ಕ ಇಲಾಖೆ 2023ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಅನ್ನುವುದರ ವ್ಯಾಖ್ಯಾನ ಬದಲಿಸಿ, ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ವೇಗ ಇರಬೇಕು ಅಂತ ಮಾಡಿತು. ಅದಕ್ಕೂ ಮೊದಲು 512 ಕೆಬಿಪಿಎಸ್ ಇದ್ದರೂ ಸಾಕಿತ್ತು. ಅಂದರೆ ಫ್ಲೆಕ್ಸ್‌ನ 100ಕ್ಕೂ ವ್ಯಾಖ್ಯಾನದ 2ಕ್ಕೂ ನಡುವೆ ಇರುವ ಜಾಗವೆಲ್ಲ ಕಂಪನಿಯ ಆಟದ ಮೈದಾನ.

ಬ್ರಿಟನ್ನಿನಲ್ಲೂ ಇದೇ ಗೋಳಿತ್ತು. ಅಲ್ಲಿ ಹಿಂದೆ ಹತ್ತರಲ್ಲಿ ಒಬ್ಬ ಗ್ರಾಹಕನಿಗೆ ಆ ಸ್ಪೀಡ್ ಸಿಕ್ಕರೂ ‘ಇಷ್ಟರವರೆಗೆ’ ಅಂತ ಜಾಹೀರಾತು ಕೊಡಬಹುದಿತ್ತು. ಜನ ರೊಚ್ಚಿಗೆದ್ದ ಮೇಲೆ 2018ರ ಮೇ 23ರಿಂದ ನಿಯಮ ಬದಲಾಯಿತು. ರಾತ್ರಿ 8ರಿಂದ 10ರ ದಟ್ಟಣೆಯ ಹೊತ್ತಿನಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ನಿಜಕ್ಕೂ ಸಿಗುವ ವೇಗವನ್ನಷ್ಟೇ ಜಾಹೀರಾತಿನಲ್ಲಿ ಹೇಳಬೇಕು. ನಮ್ಮಲ್ಲಿ ಫ್ಲೆಕ್ಸ್‌ಗಳು ಇನ್ನೂ ‘ವರೆಗೆ’ಯಲ್ಲೇ ಇವೆ. ಹಾಗಾಗಿ ಆ ಪ್ರಶ್ನೆಯನ್ನು ನಾವೇ ಕೇಳಬೇಕು: ‘ರಾತ್ರಿ ಎಂಟಕ್ಕೆ ಎಷ್ಟು ಬರುತ್ತೆ?’ ಬಾಯಲ್ಲಿ ಬೇಡ, ವಾಟ್ಸ್‌ಆ್ಯಪ್‌ನಲ್ಲಿ ಕೇಳಿ. ಉತ್ತರ ಬಂದರೆ ಅದೇ ದಾಖಲೆ. ಬರದಿದ್ದರೆ ಅದೂ ಒಂದು ಉತ್ತರವೇ.

ಎಂಬಿಪಿಎಸ್ ಬೇರೆ, ಎಂಬಿ ಬೇರೆ

ಅರ್ಧ ಜಗಳ ಈ ಗೊಂದಲದ್ದು. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಎಂಬಿ ಫೈಲ್ ಇಳಿಯುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಎಂಬಿಪಿಎಸ್‌ನಲ್ಲಿರುವುದು ಮೆಗಾಬಿಟ್, ಫೈಲ್ ಅಳೆಯುವುದು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಆದ್ದರಿಂದ ಸ್ಪೀಡನ್ನು 8ರಿಂದ ಭಾಗಿಸಿ. 100 ಎಂಬಿಪಿಎಸ್ ಪೂರ್ತಿ ಬಂದರೂ ಸೆಕೆಂಡಿಗೆ ಇಳಿಯುವುದು 12.5 ಎಂಬಿ. 1 ಜಿಬಿ ಸಿನಿಮಾಕ್ಕೆ ಸುಮಾರು 80 ಸೆಕೆಂಡ್ ಬೇಕು. 30 ಎಂಬಿಪಿಎಸ್ ಪ್ಲಾನ್ ಆದರೆ ಸೆಕೆಂಡಿಗೆ ನಾಲ್ಕು ಎಂಬಿಗೂ ಸ್ವಲ್ಪ ಕಡಿಮೆ. ಡೌನ್‌ಲೋಡ್ ಬಾರ್‌ನಲ್ಲಿ 12 ಅಂತ ಕಂಡರೆ ಮೋಸ ಆಯ್ತು ಅಂದುಕೊಳ್ಳಬೇಡಿ. ಅದು ಪೂರ್ತಿ 100 ಬರುತ್ತಿದೆ ಅಂತಲೇ ಲೆಕ್ಕ.

ಸಂಜೆ ಏಳರ ಮೇಲೆ ಏನಾಗುತ್ತೆ?

ಊರಿನ ಓವರ್‌ಹೆಡ್ ಟ್ಯಾಂಕ್ ನೆನಪಿಸಿಕೊಳ್ಳಿ. ಬೆಳಿಗ್ಗೆ ಆರಕ್ಕೆ ನೀರು ಬಿಟ್ಟಾಗ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ಬೀದಿ ಕೊನೆಯ ಮನೆಗೆ ದಾರದಷ್ಟು ನೀರು. ಇಂಟರ್‌ನೆಟ್ಟೂ ಹಾಗೇ ಹಂಚಿಕೆಯ ಸರಕು.

ಒಂದು ಉದಾಹರಣೆ ಲೆಕ್ಕ ಹಾಕೋಣ. ತಾಲೂಕು ಕೇಂದ್ರದ ಆಪರೇಟರ್ ಒಬ್ಬರು ಮೇಲಿನ ಕಂಪನಿಯಿಂದ 1 ಜಿಬಿಪಿಎಸ್, ಅಂದರೆ 1,000 ಎಂಬಿಪಿಎಸ್ ಲೈನ್ ತಂದಿದ್ದಾರೆ ಅಂದುಕೊಳ್ಳಿ. ಅದನ್ನು 400 ಮನೆಗೆ ತಲಾ 100 ಅಂತ ಮಾರುತ್ತಾರೆ. ಮಾರಿದ್ದು 40,000, ಕೈಯಲ್ಲಿರುವುದು 1,000. ಮಧ್ಯಾಹ್ನ ನಾಲ್ಕೈದು ಜನ ಬಳಸುವಾಗ ಎಲ್ಲರಿಗೂ ನೂರು. ರಾತ್ರಿ 100 ಮನೆಯವರು ಒಟ್ಟಿಗೆ ಭಾರಿ ಡೌನ್‌ಲೋಡ್‌ಗೆ ಕೂತರೆ ತಲೆಗೆ ಹತ್ತು. ಐಪಿಎಲ್ ಇದ್ದರಂತೂ ಕೇಳಲೇಬೇಡಿ.

ಹೀಗೆ ಹಂಚಿ ಮಾರುವುದೇ ಅಪರಾಧ ಅಂತ ಸಿಟ್ಟಾಗುವ ಹಾಗಿಲ್ಲ. ಜಗತ್ತಿನ ಎಲ್ಲ ಕಂಪನಿಗಳೂ ಹಾಗೇ ಮಾರುತ್ತವೆ, ಇಲ್ಲದಿದ್ದರೆ ತಿಂಗಳಿಗೆ 499ಕ್ಕೆ ಯಾರಿಗೂ ಕೊಡಲು ಆಗಲ್ಲ. ಎಷ್ಟು ಜನಕ್ಕೆ ಹಂಚುತ್ತಾರೆ ಅನ್ನುವುದೇ ಪ್ರಶ್ನೆ. 2009ರಲ್ಲಿ ಟ್ರಾಯ್ ಹೊರಡಿಸಿದ ಮಾರ್ಗಸೂಚಿಯಲ್ಲಿ ಮನೆ ಸಂಪರ್ಕಕ್ಕೆ 1ಕ್ಕೆ 50, ವ್ಯಾಪಾರದ ಸಂಪರ್ಕಕ್ಕೆ 1ಕ್ಕೆ 30 ಅಂತ ಹೇಳಿತ್ತು. ಅಂಗಡಿಯವರು ಇಲ್ಲೊಂದು ವಿಷಯ ಗಮನಿಸಿ: ನಿಮಗೆ ಕೊಟ್ಟಿರುವುದು ಮನೆ ಪ್ಲಾನೋ ಬಿಸಿನೆಸ್ ಪ್ಲಾನೋ? ಕಡಿಮೆ ರೇಟಿಗೆ ಅಂತ ಮನೆ ಪ್ಲಾನನ್ನೇ ಅಂಗಡಿಗೆ ಹಾಕಿಸಿಕೊಂಡವರು ತುಂಬಾ ಜನ.

ಫೈಬರ್ ಬಂದರೂ ಹಂಚಿಕೆ ತಪ್ಪಿಲ್ಲ. ನಿಮ್ಮ ಮನೆಗೆ ಬರುವ ಸಣ್ಣ ವೈರ್ ಕಂಬದ ಮೇಲಿನ ಸ್ಪ್ಲಿಟರ್ ಡಬ್ಬಿಯಿಂದ ಬರುತ್ತೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಪೋರ್ಟ್‌ಗೆ ಸುಮಾರು 2.5 ಜಿಬಿಪಿಎಸ್ ಸಿಗುತ್ತೆ. ಅದನ್ನು 32 ಅಥವಾ 64 ಮನೆಗೆ ಹಂಚುತ್ತಾರೆ. ಆದರೆ ನಮ್ಮ ತಾಲೂಕುಗಳಲ್ಲಿ ಇಕ್ಕಟ್ಟು ಆಗುವುದು ಇಲ್ಲಿಗಿಂತ ಹೆಚ್ಚಾಗಿ ಊರಿಗೆ ಬರುವ ಮೇನ್ ಲೈನ್‌ನಲ್ಲಿ. ಅದು ಒಂದೇ ದಾರಿಯಲ್ಲಿ ಬಂದಿದ್ದರೆ, ರಸ್ತೆ ಅಗಲೀಕರಣದ ಜೆಸಿಬಿ ಒಂದು ಸಲ ಹಲ್ಲೂರಿದರೆ ಸಾಕು, ಇಡೀ ಪೇಟೆ ಕತ್ತಲೆ. ಇನ್ನು ಮಳೆಗಾಲದಲ್ಲಿ ಮರದ ಕೊಂಬೆ ಬೀಳುವುದು, ಕರೆಂಟ್ ಹೋಗಿ ಆಪರೇಟರ್ ಕಡೆಯ ಬ್ಯಾಟರಿ ಖಾಲಿಯಾಗುವುದು ಮಲೆನಾಡಿಗರಿಗೆ ಹೊಸದಾಗಿ ಹೇಳಬೇಕಿಲ್ಲ. ನಿಮ್ಮ ಮನೆಯಲ್ಲಿ ಯುಪಿಎಸ್ ಇದ್ದೂ ಕರೆಂಟ್ ಹೋದ ತಕ್ಷಣ ನೆಟ್ ಹೋಗುತ್ತೆ ಅಂದರೆ, ಬೀದಿಯಲ್ಲಿ ಯಾರದ್ದೋ ತಾರಸಿ ಮೇಲಿರುವ ಆಪರೇಟರ್ ಸ್ವಿಚ್‌ಗೆ ಬ್ಯಾಕಪ್ ಇಲ್ಲ ಅಂತ ಅರ್ಥ. ಹಾಕಿಸುವ ಮುಂಚೆ ಪಕ್ಕದ ಅಂಗಡಿಯವರನ್ನು ಈ ಒಂದು ಪ್ರಶ್ನೆ ಕೇಳಿದರೆ ಸಾಕು, ಫ್ಲೆಕ್ಸ್‌ಗಿಂತ ಹೆಚ್ಚು ವಿಷಯ ಗೊತ್ತಾಗುತ್ತೆ.

‘ಅನ್‌ಲಿಮಿಟೆಡ್’ಗೂ ಲಿಮಿಟ್ ಇದೆ

ಹಲವು ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3,300 ಜಿಬಿ ಮಿತಿ ಇರುತ್ತೆ. ಇದಕ್ಕೆ ಎಫ್‌ಯುಪಿ ಅಂತಾರೆ. ಅದು ದಾಟಿದರೆ ನೆಟ್ ಕಟ್ ಆಗಲ್ಲ, ಸ್ಪೀಡ್ ಬಿದ್ದುಹೋಗುತ್ತೆ. ಕೆಲವು ಪ್ಲಾನ್‌ಗಳಲ್ಲಿ ಎರಡೋ ನಾಲ್ಕೋ ಎಂಬಿಪಿಎಸ್‌ಗೆ. ‘ಕಟ್ ಆಗಲ್ಲವಲ್ಲ, ಅದಕ್ಕೇ ಅನ್‌ಲಿಮಿಟೆಡ್’ ಅನ್ನುವುದು ಅವರ ವಾದ.

ಮನೆಯವರು ಇದಕ್ಕೆ ಹೆದರಬೇಕಿಲ್ಲ. ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿ ತಿಂದರೂ 1,100 ಗಂಟೆ ನೋಡಬಹುದು. ತಿಂಗಳಲ್ಲಿ ಇರುವುದೇ 720 ಗಂಟೆ. ಅಂಗಡಿಯ ಲೆಕ್ಕ ಬೇರೆ. ಸಿಸಿಟಿವಿ ಕ್ಯಾಮೆರಾ 4 ಎಂಬಿಪಿಎಸ್‌ನಂತೆ ದಿನದ 24 ಗಂಟೆಯೂ ಕ್ಲೌಡ್‌ಗೆ ಕಳಿಸುತ್ತಿದ್ದರೆ ದಿನಕ್ಕೆ 43 ಜಿಬಿ, ತಿಂಗಳಿಗೆ ಹತ್ತಿರ ಹತ್ತಿರ 1,300 ಜಿಬಿ. ಮೂರು ಕ್ಯಾಮೆರಾ ಇದ್ದರೆ, ಅಪ್‌ಲೋಡನ್ನೂ ಲೆಕ್ಕಕ್ಕೆ ಹಿಡಿಯುವ ಪ್ಲಾನ್‌ನಲ್ಲಿ 25ನೇ ತಾರೀಕಿನ ಸುಮಾರಿಗೆ ಮಿತಿ ಮುಗಿಯುತ್ತೆ. ತಿಂಗಳ ಕೊನೆ ವಾರ ಮಾತ್ರ ನೆಟ್ ಸ್ಲೋ ಅನ್ನುವವರು ಮೊದಲು ಇದನ್ನು ನೋಡಿ. ಅಂಗಡಿಯಲ್ಲೇ ಇರುವ ಡಿವಿಆರ್‌ಗೆ ರೆಕಾರ್ಡ್ ಆಗುತ್ತಿದ್ದರೆ ಈ ತೊಂದರೆ ಇಲ್ಲ, ಮೊಬೈಲ್‌ನಲ್ಲಿ ತೆರೆದು ನೋಡುವಾಗ ಮಾತ್ರ ಡೇಟಾ ಹೋಗುತ್ತೆ.

ಮಿತಿ ಎಷ್ಟು, ದಾಟಿದ ಮೇಲೆ ಸ್ಪೀಡ್ ಎಷ್ಟು ಅನ್ನುವ ಎರಡನ್ನೂ ಕಂಪನಿ ಮುಚ್ಚಿಡುವಂತಿಲ್ಲ ಅಂತ ಟ್ರಾಯ್ 2016ರಲ್ಲೇ ನಿರ್ದೇಶನ ಕೊಟ್ಟಿದೆ. ಏಜೆಂಟ್ ‘ಗೊತ್ತಿಲ್ಲ ಸಾರ್’ ಅಂದರೆ ಗೊತ್ತಿರುವವರ ನಂಬರ್ ಕೇಳಿ.

ಇನ್ನೊಂದು ಹೆಸರಿನ ಗೊಂದಲ ಏರ್‌ಫೈಬರ್‌ದು. ಹೆಸರಲ್ಲಿ ಫೈಬರ್ ಇದೆ, ಮನೆಗೆ ಫೈಬರ್ ವೈರ್ ಬರಲ್ಲ. ಟವರ್‌ನಿಂದ 5ಜಿ ಸಿಗ್ನಲ್ ಹಿಡಿದು ಕೊಡುವ ವ್ಯವಸ್ಥೆ ಅದು. ವೈರ್ ಎಳೆಯಲಾಗದ ತೋಟದ ಮನೆಗೆ ಒಳ್ಳೆಯದೇ. ಆದರೆ ಟವರ್ ಎಷ್ಟು ದೂರ, ಮಧ್ಯೆ ಗುಡ್ಡ ಇದೆಯಾ, ಆ ಟವರಿಗೆ ಎಷ್ಟು ಮೊಬೈಲ್ ಜೋತುಬಿದ್ದಿವೆ ಅನ್ನುವುದರ ಮೇಲೆ ಸ್ಪೀಡ್ ನಿಂತಿರುತ್ತೆ. ಡೇಟಾ ಮಿತಿಯೂ ಫೈಬರ್‌ಗಿಂತ ಕಡಿಮೆ ಇರುವುದುಂಟು. ಸಾಧ್ಯವಾದರೆ ಒಂದು ತಿಂಗಳದ್ದು ಮಾತ್ರ ಕಟ್ಟಿ ನೋಡಿ.

ತಪ್ಪು ನಮ್ಮ ಗೋಡೆಯದ್ದೂ ಇರಬಹುದು

ದೂರು ಕೊಡುವ ಮುಂಚೆ ಇದನ್ನು ಪರೀಕ್ಷಿಸದಿದ್ದರೆ ಕಂಪನಿಯವರು ‘ನಮ್ಮ ಕಡೆ ಸರಿ ಇದೆ, ನಿಮ್ಮ ವೈಫೈ ಪ್ರಾಬ್ಲಂ’ ಅಂತ ಫೈಲ್ ಮುಚ್ಚುತ್ತಾರೆ. ಎಷ್ಟೋ ಸಲ ಅವರು ಹೇಳುವುದು ನಿಜವೂ ಹೌದು.

ನಮ್ಮ ಹಳೆ ಮನೆಗಳ ಜಂಬಿಟ್ಟಿಗೆ ಗೋಡೆ ಒಂದೂಕಾಲು ಅಡಿ ದಪ್ಪ. ಜಗಲಿಯಲ್ಲಿ ರೂಟರ್ ಇಟ್ಟು ಅಡುಗೆ ಮನೆಯಲ್ಲಿ 100 ಬರಬೇಕು ಅಂದರೆ ಆಗದ ಮಾತು. ರೂಟರ್‌ನಲ್ಲಿ ಎರಡು ವೈಫೈ ಹೆಸರು ಕಾಣುತ್ತವೆ. 2.4 ಅಂತ ಇರುವುದು ದೂರ ಹೋಗುತ್ತೆ, ಸ್ಪೀಡ್ ಕಡಿಮೆ. 5ಜಿ ಅಂತ ಬರೆದಿರುವುದು ಮೊಬೈಲ್‌ನ 5ಜಿ ಅಲ್ಲ, 5 ಗಿಗಾಹರ್ಟ್ಸ್. ಸ್ಪೀಡ್ ಜಾಸ್ತಿ, ಗೋಡೆ ದಾಟಲು ಸುಸ್ತು. ಪೇಟೆಯ ಸಾಲು ಅಂಗಡಿಗಳಲ್ಲಿ ಹತ್ತಾರು ರೂಟರ್‌ಗಳು 2.4ರಲ್ಲೇ ಕಿರುಚಾಡುತ್ತಿರುವಾಗ 30-40 ಎಂಬಿಪಿಎಸ್ ಸಿಕ್ಕರೆ ಅದೇ ಹೆಚ್ಚು.

ಹಾಗಾಗಿ ವೈಫೈ ಬಿಟ್ಟು, ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ ನೇರ ಲ್ಯಾನ್ ಕೇಬಲ್ ಚುಚ್ಚಿ ಟೆಸ್ಟ್ ಮಾಡಿ. ಉಳಿದ ಮೊಬೈಲ್, ಟಿವಿ ಎಲ್ಲ ವೈಫೈನಿಂದ ತೆಗೆದಿರಿ. ಕೇಬಲ್‌ನಲ್ಲಿ 95 ಬಂದು ವೈಫೈನಲ್ಲಿ 25 ಬಂದರೆ ಕಂಪನಿಯನ್ನು ಬೈಯಬೇಡಿ, ರೂಟರ್ ಜಾಗ ಬದಲಿಸಿ. ಕೇಬಲ್‌ನಲ್ಲೂ 25 ಬಂದರೆ ಆಗ ಮಾತಾಡುವ ಹಕ್ಕು ನಿಮ್ಮದು.

ಒಂದು ವಿಚಿತ್ರ ಲಕ್ಷಣ ಗಮನಿಸಿ. 200 ಅಥವಾ 300ರ ಪ್ಲಾನ್‌ಗೆ ದುಡ್ಡು ಕಟ್ಟಿದ್ದೀರಿ, ಆದರೆ ಎಷ್ಟು ಸಲ ಟೆಸ್ಟ್ ಮಾಡಿದರೂ 94-95ಕ್ಕೇ ಬಂದು ನಿಲ್ಲುತ್ತೆ. ಹಾಗಿದ್ದರೆ ರೂಟರ್‌ನ ಪೋರ್ಟ್ 100ರದ್ದು, ಅಥವಾ ಕೇಬಲ್‌ನ ಎಂಟು ತಂತಿಯಲ್ಲಿ ನಾಲ್ಕನ್ನೇ ಜೋಡಿಸಿದ್ದಾರೆ. ಎಷ್ಟೇ ದೊಡ್ಡ ಪ್ಲಾನ್ ಹಾಕಿಸಿದರೂ ಆ ಡಬ್ಬಿ ಅದಕ್ಕಿಂತ ಹೆಚ್ಚು ಕೊಡಲ್ಲ. 300ರ ಪ್ಲಾನ್ ಮಾರಿ 100ರ ಡಬ್ಬಿ ಕೊಟ್ಟವರನ್ನು ಇದರ ಬಗ್ಗೆ ಧಾರಾಳವಾಗಿ ಕೇಳಬಹುದು.

ಫೈಬರ್ ಡಬ್ಬಿಯಲ್ಲಿ ಎಲ್‌ಒಎಸ್ ಅಂತ ಬರೆದಿರುವ ಕಡೆ ಕೆಂಪು ದೀಪ ಉರಿದರೆ ಬೆಳಕಿನ ಸಿಗ್ನಲ್ಲೇ ಬರುತ್ತಿಲ್ಲ, ವೈರ್ ಎಲ್ಲೋ ಕತ್ತರಿಸಿದೆ ಅಥವಾ ತೀರಾ ಬಾಗಿದೆ. ಲೈನ್‌ನವರು ಬಂದಾಗ ಮೀಟರ್ ಹಾಕಿ ‘ಪವರ್’ ನೋಡ್ತಾರೆ. ಮೈನಸ್ 20ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 27 ದಾಟಿದರೆ ಡಬ್ಬಿಗೆ ಸಿಗ್ನಲ್ ಹಿಡಿಯಲು ಕಷ್ಟ. ಎಷ್ಟು ಬಂತು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಕೇಳುವ ಗ್ರಾಹಕ ಅಂತ ಗೊತ್ತಾದರೆ ಜಾಯಿಂಟ್ ಕೂಡ ನೀಟಾಗಿ ಹಾಕ್ತಾರೆ.

ಮತ್ತೊಂದು, ನೆಟ್ ಸ್ಲೋ ಬೇರೆ, ಸರ್ವರ್ ಡೌನ್ ಬೇರೆ. ಪಹಣಿ ಬರುತ್ತಿಲ್ಲ, ಕಾವೇರಿ ತೆರೆಯುತ್ತಿಲ್ಲ, ಸೇವಾ ಸಿಂಧು ನಿಂತಿದೆ, ಆದರೆ ಯೂಟ್ಯೂಬ್ ಚೆನ್ನಾಗಿ ಓಡುತ್ತಿದೆ ಅಂದರೆ ತೊಂದರೆ ಸರ್ಕಾರಿ ಸರ್ವರ್‌ನಲ್ಲಿ. ಪಾಪದ ಕೇಬಲ್ ಹುಡುಗನಿಗೆ ಬೈದು ಪ್ರಯೋಜನ ಇಲ್ಲ.

ಟೆಸ್ಟ್ ಮಾಡುವುದಕ್ಕೂ ಒಂದು ಕ್ರಮ ಇದೆ

ಸ್ಪೀಡ್ ಟೆಸ್ಟ್ ಆ್ಯಪ್‌ಗಳು ತಾವಾಗಿಯೇ ಹತ್ತಿರದ ಸರ್ವರ್ ಆರಿಸಿಕೊಳ್ಳುತ್ತವೆ. ಎಷ್ಟೋ ಸಲ ಅದು ನಿಮ್ಮ ಕಂಪನಿಯದ್ದೇ ಸರ್ವರ್ ಆಗಿರುತ್ತೆ. ಅಂಗಳದಲ್ಲೇ ಓಟ ಅಳೆದ ಹಾಗೆ, 98 ಬಂದೇ ಬರುತ್ತೆ. ಸರ್ವರ್ ಬದಲಿಸಿ, ಬೇರೆ ಕಂಪನಿಯ ಬೆಂಗಳೂರು ಅಥವಾ ಮುಂಬೈ ಸರ್ವರ್ ಹಾಕಿ ಇನ್ನೊಮ್ಮೆ ಮಾಡಿ. ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್ ಇದೆ, ಅದು ವಿಡಿಯೋ ಬರುವ ದಾರಿಯ ಸ್ಪೀಡನ್ನೇ ತೋರಿಸುತ್ತೆ. ಟ್ರಾಯ್‌ನ ಮೈಸ್ಪೀಡ್ ಆ್ಯಪ್ ಕೂಡ ಇದೆ.

ಒಂದು ವಾರ, ಬೆಳಿಗ್ಗೆ ಒಂದು, ರಾತ್ರಿ ಎಂಟರಿಂದ ಹತ್ತರೊಳಗೆ ಒಂದು. ಪ್ರತಿ ಸಲ ಸ್ಕ್ರೀನ್‌ಶಾಟ್ ತೆಗೆಯಿರಿ, ದಿನಾಂಕ, ಸಮಯ ಕಾಣಬೇಕು. ಡೌನ್‌ಲೋಡ್ ಒಂದನ್ನೇ ನೋಡಬೇಡಿ, ಅಪ್‌ಲೋಡೂ ನೋಡಿ. ಆನ್‌ಲೈನ್ ಅರ್ಜಿ, ಜಿಎಸ್‌ಟಿ ರಿಟರ್ನ್, ಫೋಟೋ ಸ್ಟುಡಿಯೋದವರ ಆಲ್ಬಂ ಎಲ್ಲಕ್ಕೂ ಬೇಕಾಗುವುದು ಅಪ್‌ಲೋಡ್. ಫ್ಲೆಕ್ಸ್‌ನಲ್ಲಿ ಅದರ ಸುದ್ದಿಯೇ ಇರಲ್ಲ.

ಇಷ್ಟೆಲ್ಲ ಸ್ಪೀಡ್ ನಿಮಗೆ ಬೇಕಾ ಅಂತಲೂ ಒಮ್ಮೆ ಯೋಚಿಸಿ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ ಫುಲ್ ಎಚ್‌ಡಿಗೆ 5, 4ಕೆ ವಿಡಿಯೋಕ್ಕೆ 15 ಎಂಬಿಪಿಎಸ್ ಸಾಕು. ಯುಪಿಐ ಪಾವತಿಗೆ ಬೇಕಾಗುವುದು ಚಿಟಿಕೆಯಷ್ಟು ಡೇಟಾ. ಬಿಲ್ಲಿಂಗ್, ಯುಪಿಐ ಮಾತ್ರ ಇರುವ ಕಿರಾಣಿ ಅಂಗಡಿಗೆ, ಬಿಡದೆ ಬರುವ 30 ಎಂಬಿಪಿಎಸ್, ದಿನಕ್ಕೆರಡು ಸಲ ಹೋಗುವ 200ಕ್ಕಿಂತ ಎಷ್ಟೋ ವಾಸಿ.

ವರ್ಷದ್ದು ಒಟ್ಟಿಗೆ ಕಟ್ಟುವ ಮುಂಚೆ

‘ವರ್ಷದ್ದು ಕಟ್ಟಿದ್ರೆ ಎರಡು ತಿಂಗಳು ಫ್ರೀ, ರೂಟರ್ ಫ್ರೀ’. ಈ ಮಾತಿಗೆ ಬಿದ್ದವರ ಕೈ ಕಟ್ಟಿದ ಹಾಗೆ. ತಿಂಗಳ ಗಿರಾಕಿ ಬೇಸರವಾದರೆ ಬಿಟ್ಟು ಹೋಗ್ತಾನೆ ಅನ್ನುವ ಭಯ ಕಂಪನಿಗಿರುತ್ತೆ. ವರ್ಷದ ಗಿರಾಕಿ ಎಲ್ಲಿಗೂ ಹೋಗಲ್ಲ. ಮೊದಲ ಎರಡು ತಿಂಗಳಾದರೂ ತಿಂಗಳ ಲೆಕ್ಕದಲ್ಲಿ ಕಟ್ಟಿ, ಸಂಜೆಯ ಸ್ಪೀಡ್ ನೋಡಿ, ಒಂದು ಮಳೆಗಾಲ ಕಂಡು ಆಮೇಲೆ ವರ್ಷದ ಮಾತು. ದುಡ್ಡು ಉಳಿಯುತ್ತೆ ಅನ್ನುವ ಲೆಕ್ಕವನ್ನೂ ಸರಿಯಾಗಿ ಹಾಕಿ: 499 ಅನ್ನುವುದು ಶೇ. 18 ಜಿಎಸ್‌ಟಿ ಸೇರಿದರೆ 588 ರೂ. 82 ಪೈಸೆ. ವರ್ಷಕ್ಕೆ 5,988 ಅಂದುಕೊಂಡಿದ್ದು 7,065 ದಾಟುತ್ತೆ. ‘ಫ್ರೀ’ ರೂಟರ್ ವಾಪಸ್ ಕೊಡಬೇಕಾ, ಡೆಪಾಸಿಟ್ ವಾಪಸ್ ಬರುತ್ತಾ ಅನ್ನುವುದನ್ನೂ ಬರೆಸಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯ ರಸೀದಿ. ನಮ್ಮ ಕಡೆ ದುಡ್ಡು ಹೋಗುವುದು ಏಜೆಂಟರ ಸ್ವಂತ ಫೋನ್‌ಪೇ ನಂಬರಿಗೆ. ಬಿಲ್ ಇಲ್ಲ, ಗ್ರಾಹಕ ಸಂಖ್ಯೆ ಯಾರ ಹೆಸರಿನಲ್ಲಿದೆಯೋ ಗೊತ್ತಿಲ್ಲ. ನಾಳೆ ದೂರು ಕೊಡಲು ಹೋದರೆ ಕಂಪನಿ ‘ಇವರು ನಮ್ಮ ಗ್ರಾಹಕರೇ ಅಲ್ಲ’ ಅಂದುಬಿಡಬಹುದು. ಏಜೆಂಟರು ನಮ್ಮೂರಿನವರೇ, ನಂಬಿಕೆ ಇದೆ, ಸರಿ. ಆದರೂ ಕಂಪನಿಯ ಆ್ಯಪ್‌ನಲ್ಲೇ ಕಟ್ಟಿ, ಇಲ್ಲವೇ ಕಂಪನಿ ಹೆಸರಿನ ಜಿಎಸ್‌ಟಿ ಬಿಲ್ ಕೇಳಿ. ಪ್ಲಾನ್ ಹೆಸರು, ಸ್ಪೀಡ್, ಅವಧಿ ಅದರಲ್ಲಿ ಇರಲಿ. ಫ್ಲೆಕ್ಸ್‌ನದ್ದೂ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ, ಗಾಳಿಗೆ ಹರಿದು ಹೋಗುವ ಮುಂಚೆ.

ನಿಯಮ ಏನು ಹೇಳುತ್ತೆ?

2006ರಲ್ಲೇ ಟ್ರಾಯ್ ಮಾಡಿದ್ದ ಬ್ರಾಡ್‌ಬ್ಯಾಂಡ್ ಗುಣಮಟ್ಟದ ನಿಯಮದಲ್ಲಿ, ಗ್ರಾಹಕ ಪಡೆದ ಪ್ಲಾನ್‌ನ ವೇಗದಲ್ಲಿ ಶೇ. 80ಕ್ಕಿಂತ ಹೆಚ್ಚು ಸಿಗಬೇಕು ಅಂತ ಇತ್ತು. ಆದರೆ ಅದನ್ನು ಅಳೆಯುವುದು ಕಂಪನಿಯ ನೋಡ್‌ನಿಂದ ನಿಮ್ಮ ಮನೆವರೆಗೆ. ಅದರಾಚೆ, ಊರಿಗೆ ಬರುವ ಮೇನ್ ಲೈನ್ ತುಂಬಿ ತುಳುಕುತ್ತಿದ್ದರೆ ಈ ಅಳತೆಯಲ್ಲಿ ಕಾಣುವುದಿಲ್ಲ. ಮೇನ್ ಲೈನ್‌ಗೆ ಬೇರೆಯೇ ಮಾತಿತ್ತು: ಯಾವುದಾದರೂ ಲಿಂಕ್‌ನಲ್ಲಿ ಬಳಕೆ ಶೇ. 90 ದಾಟಿದರೆ ಅದನ್ನು ದಟ್ಟಣೆ ಅಂತಲೇ ಪರಿಗಣಿಸಿ, ಸಾಮರ್ಥ್ಯ ಹೆಚ್ಚಿಸಬೇಕು.

2024ರ ಆಗಸ್ಟ್‌ನಲ್ಲಿ ಟ್ರಾಯ್ ಮೊಬೈಲ್, ಲ್ಯಾಂಡ್‌ಲೈನ್, ಬ್ರಾಡ್‌ಬ್ಯಾಂಡ್ ಎಲ್ಲಕ್ಕೂ ಸೇರಿಸಿ ಹೊಸ ನಿಯಮ ತಂದಿತು. ಅಕ್ಟೋಬರ್ 1ರಿಂದ ಅದು ಹಳೆಯ ಮೂರು ನಿಯಮಗಳ ಜಾಗಕ್ಕೆ ಬಂದಿದೆ. ಇದರಲ್ಲಿ ನಮಗೆ ಕೆಲಸಕ್ಕೆ ಬರುವುದು ಎರಡು. ದುಡ್ಡು ಕಟ್ಟಿದ ಏಳು ದಿನದೊಳಗೆ ಸಂಪರ್ಕ ಕೊಡಬೇಕು, ನೂರರಲ್ಲಿ 98 ಗ್ರಾಹಕರಿಗೆ. ಇನ್ನೊಂದು, ಲೈನ್ ಕೆಟ್ಟು ಮೂರು ದಿನ ದಾಟಿದರೂ ಸರಿ ಮಾಡದಿದ್ದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು. ಬಿಲ್ ಕಟ್ಟುವವರಿಗೆ ಬಾಡಿಗೆಯಲ್ಲಿ ಕಡಿತ, ಮುಂಗಡ ಕಟ್ಟಿದವರಿಗೆ ವ್ಯಾಲಿಡಿಟಿ ವಿಸ್ತರಣೆ. ವಾರಗಟ್ಟಲೆ ನೆಟ್ ಇಲ್ಲದೆ ಕೂತು, ಒಂದು ದಿನವೂ ವ್ಯಾಲಿಡಿಟಿ ಕೇಳದೆ ಸುಮ್ಮನಾದವರು ಇದನ್ನು ಓದುತ್ತಿದ್ದರೆ, ಮುಂದಿನ ಸಲ ಕೇಳಿ. ಆದರೆ ಕೆಟ್ಟ ದಿನಾಂಕಕ್ಕೆ ಸಾಕ್ಷಿ ಬೇಕು. ಏಜೆಂಟರಿಗೆ ಫೋನ್ ಮಾಡಿ ಹೇಳಿದ್ದು ಸಾಕ್ಷಿ ಆಗಲ್ಲ.

ದೂರು ಎಲ್ಲಿ, ಹೇಗೆ?

ಮೊದಲು ಕಂಪನಿಯ ದೂರು ಕೇಂದ್ರ. ಕರೆ, ಆ್ಯಪ್, ಇಮೇಲ್ ಯಾವುದಾದರೂ ಸರಿ, ಡಾಕೆಟ್ ನಂಬರ್ ಪಡೆಯಲೇಬೇಕು. ಆ ನಂಬರ್ ಇಲ್ಲದಿದ್ದರೆ ನೀವು ದೂರು ಕೊಟ್ಟೇ ಇಲ್ಲ ಅಂತ ಲೆಕ್ಕ. ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಅರ್ಜಿ. ಟ್ರಾಯ್‌ನ 2012ರ ನಿಯಮದಂತೆ ಇದಕ್ಕೆ ಶುಲ್ಕ ಇಲ್ಲ, 39 ದಿನದಲ್ಲಿ ತೀರ್ಮಾನ ಮಾಡಬೇಕು. ಇಮೇಲ್ ವಿಳಾಸ ಕಂಪನಿಯ ವೆಬ್‌ಸೈಟಿನ ಅಡಿಯಲ್ಲಿ ಎಲ್ಲೋ ಹುದುಗಿರುತ್ತೆ, ಹುಡುಕಬೇಕು.

ತುಂಬಾ ಜನ ಕೋಪದಲ್ಲಿ ನೇರ ಟ್ರಾಯ್‌ಗೇ ಬರೆಯುತ್ತಾರೆ. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಣೆ ಮಾಡಲ್ಲ. ಕೇಂದ್ರ ಸರ್ಕಾರದ ಪಿಜಿ ಪೋರ್ಟಲ್‌ನಲ್ಲಿ ದೂರಸಂಪರ್ಕ ಇಲಾಖೆ ಆರಿಸಿ ದೂರು ಹಾಕಿದರೆ ಅದು ಕಂಪನಿಗೆ ಮೇಲಿನಿಂದ ಬರುತ್ತೆ. ಕೆಳಗಿನಿಂದ ಹೋದ ದೂರಿಗಿಂತ ಮೇಲಿನಿಂದ ಬಂದದ್ದಕ್ಕೆ ಉತ್ತರ ಬೇಗ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ.

ಜಾಹೀರಾತೇ ದಾರಿ ತಪ್ಪಿಸುವಂತಿದ್ದರೆ ಅದು ಬೇರೆಯೇ ದೂರು. 2022ರ ಜೂನ್ 9ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ ನಮಗೆ ಹೇಳಿ ಬರೆದ ಹಾಗೆ ಒಂದು ಮಾತಿದೆ: ಜಾಹೀರಾತಿನ ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು, ಎದ್ದು ಕಾಣಬೇಕು. ಮೇಲೆ ಕನ್ನಡದಲ್ಲಿ ‘ಅನ್‌ಲಿಮಿಟೆಡ್ ಇಂಟರ್‌ನೆಟ್’ ಅಂತ ಹಾಕಿ, ಕೆಳಗೆ ಇರುವೆ ಗಾತ್ರದ ಇಂಗ್ಲಿಷಿನಲ್ಲಿ ಷರತ್ತು ಹಾಕುವ ಫ್ಲೆಕ್ಸ್‌ಗಳು ಈ ಮಾರ್ಗಸೂಚಿಗೆ ವಿರುದ್ಧ. ದಾರಿ ತಪ್ಪಿಸುವ ಜಾಹೀರಾತಿಗೆ ಪ್ರಾಧಿಕಾರ 10 ಲಕ್ಷ ರೂ.ವರೆಗೆ ದಂಡ ಹಾಕಬಹುದು, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಈ ದೂರನ್ನು ಜಿಲ್ಲಾಧಿಕಾರಿಗೂ ಕೊಡಲು ಕಾಯ್ದೆಯ 17ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ದೊಡ್ಡ ಕಂಪನಿಗಳೂ ಇಂಥದ್ದರಲ್ಲಿ ಮಾತು ಕೇಳಿವೆ. 2015ರಲ್ಲಿ ಏರ್‌ಟೆಲ್‌ನ 4ಜಿ ಸ್ಪೀಡ್ ಜಾಹೀರಾತು ದಾರಿ ತಪ್ಪಿಸುವಂತಿದೆ ಅಂತ ಜಾಹೀರಾತು ಗುಣಮಟ್ಟ ಮಂಡಳಿ ಹೇಳಿ, ತಿದ್ದಿ ಅಥವಾ ತೆಗೆಯಿರಿ ಅಂದಿತ್ತು.

ಗ್ರಾಹಕ ಆಯೋಗಕ್ಕೆ ಹೋಗುವುದಾದರೆ

‘ಟೆಲಿಕಾಂ ವಿಷಯ ಗ್ರಾಹಕ ಕೋರ್ಟಿಗೆ ಬರಲ್ಲ’ ಅಂತ ಕಂಪನಿ ವಕೀಲರು ಹಿಂದೆ ವಾದ ಮಾಡುತ್ತಿದ್ದರು. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಂತೂ ಸೇವೆ ಅನ್ನುವುದರ ವ್ಯಾಖ್ಯಾನದೊಳಗೇ ಟೆಲಿಕಾಂ ಇದೆ. ಕಂಪನಿಯ ಆಫೀಸ್ ಮುಂಬೈಲಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನಮ್ಮ ಆಯೋಗ ಶಿವಮೊಗ್ಗದಲ್ಲಿದೆ. ನೀವು ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ, ವಕೀಲರು ಕಡ್ಡಾಯ ಅಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು.

ಅಂಗಡಿಯವರಿಗೆ ಒಂದು ಎಚ್ಚರಿಕೆ. ‘ವಾಣಿಜ್ಯ ಉದ್ದೇಶಕ್ಕೆ ತೆಗೆದುಕೊಂಡವರು ಗ್ರಾಹಕರಲ್ಲ’ ಅನ್ನುವ ಆಕ್ಷೇಪ ಎದುರಿನವರು ಎತ್ತೇ ಎತ್ತುತ್ತಾರೆ. ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಅಂಗಡಿ ನಡೆಸುತ್ತಿದ್ದೇನೆ ಅನ್ನುವುದನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆಯಿರಿ. ಈ ವಿಷಯದಲ್ಲಿ ಮಾತ್ರ ವಕೀಲರನ್ನು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ನಿಜ ಹೇಳಬೇಕೆಂದರೆ, 499 ರೂಪಾಯಿಗಾಗಿ ಯಾರೂ ಸಾಗರದಿಂದ, ಹೊಸನಗರದಿಂದ ಶಿವಮೊಗ್ಗಕ್ಕೆ ಅಲೆಯಲ್ಲ. ಕಂಪನಿಗಳಿಗೂ ಅದು ಗೊತ್ತು. ಆದರೆ ಒಂದೇ ಬೀದಿಯ ಹದಿನೈದು ಅಂಗಡಿಯವರು ಒಂದೇ ವಾರ ತಲಾ ಒಂದು ಡಾಕೆಟ್ ನಂಬರ್ ತೆಗೆದು, ಸಂಜೆಯ ಸ್ಕ್ರೀನ್‌ಶಾಟ್ ಲಗತ್ತಿಸಿದರೆ ‘ನಿಮ್ಮ ವೈಫೈ ಪ್ರಾಬ್ಲಂ’ ಅನ್ನುವ ಉತ್ತರ ನಡೆಯಲ್ಲ. ಹದಿನೈದೂ ಗೋಡೆ ಒಟ್ಟಿಗೆ ಕೆಡಲು ಸಾಧ್ಯವಿಲ್ಲವಲ್ಲ.

ಹೀಗೆ ಬರೆಯಿರಿ

ಇಮೇಲ್‌ನಲ್ಲಿ ಕಳಿಸಲು ಒಂದು ಮಾದರಿ ಕೆಳಗಿದೆ. ಖಾಲಿ ಜಾಗ ತುಂಬಿಕೊಳ್ಳಿ.

‘ಮಾನ್ಯರೇ, ನನ್ನ ಗ್ರಾಹಕ ಸಂಖ್ಯೆ ……… . ತಾ. ……… ರಂದು ……… ಎಂಬಿಪಿಎಸ್ ಪ್ಲಾನ್‌ಗೆ ……… ರೂ. ಪಾವತಿಸಿದ್ದೇನೆ (ಬಿಲ್ ಲಗತ್ತಿಸಿದೆ). ತಾ. ……… ರಿಂದ ……… ರವರೆಗೆ ಪ್ರತಿದಿನ ರಾತ್ರಿ 8ರಿಂದ 10ರೊಳಗೆ ಲ್ಯಾನ್ ಕೇಬಲ್ ಮೂಲಕ ಪರೀಕ್ಷಿಸಿದಾಗ ಬಂದ ವೇಗ ……… ರಿಂದ ……… ಎಂಬಿಪಿಎಸ್ ಮಾತ್ರ (ಸ್ಕ್ರೀನ್‌ಶಾಟ್ ಲಗತ್ತಿಸಿದೆ). ಇದೇ ಅವಧಿಯಲ್ಲಿ ……… ದಿನ ಸಂಪರ್ಕ ಪೂರ್ತಿ ಕಡಿತವಾಗಿತ್ತು. ಹಿಂದಿನ ಡಾಕೆಟ್ ಸಂಖ್ಯೆ ……… . ದಟ್ಟಣೆಯ ವೇಳೆಯಲ್ಲಿ ನನ್ನ ಪ್ಲಾನ್‌ಗೆ ಸಿಗಬೇಕಾದ ವೇಗ ಎಷ್ಟು ಎಂದು ಲಿಖಿತವಾಗಿ ತಿಳಿಸಿ, ದೋಷ ಸರಿಪಡಿಸಿ, ಕಡಿತವಾದ ದಿನಗಳಿಗೆ ವ್ಯಾಲಿಡಿಟಿ ವಿಸ್ತರಿಸಬೇಕು. ಸಾಧ್ಯವಾಗದಿದ್ದರೆ ಉಳಿದ ಅವಧಿಯ ಹಣ ಹಿಂದಿರುಗಿಸಬೇಕು.’

ಕಳಿಸಿದ ಮೇಲೆ ಬಂದ ಡಾಕೆಟ್ ನಂಬರನ್ನು ರೂಟರ್ ಡಬ್ಬಿಯ ಹಿಂದೆಯೇ ಪೆನ್ನಿನಲ್ಲಿ ಬರೆದು ಅಂಟಿಸಿಡಿ. ಮುಂದಿನ ಸಲ ಹುಡುಕುವುದು ತಪ್ಪುತ್ತೆ.